ಬಟ್ಟಲಿನ ಮುಚ್ಚಳ ತೆರೆದಿರುವಾಗ

ಮೊದಲು ಕಣ್ಣಿಗೆ ಬಿದ್ದದ್ದು ಬಣ್ಣ. ಒಲೆಯ ಬೂದಿಗೆ ನೇರಳೆ ಹಣ್ಣಿನ ರಸ ಕಲಸಿದ ಹಾಗಿತ್ತು. ಆಮೇಲೆ ಬಂದದ್ದು ವಾಸನೆ, ಪಾತ್ರೆಯ ತಳದಲ್ಲಿ ಮರೆತುಬಿಟ್ಟ ದೋಸೆ ಹಿಟ್ಟಿನದ್ದು. ಮೇಜಿನ ನಡುವೆ ಮರದ ದೊಡ್ಡ ಬಟ್ಟಲು. ಎಪ್ಪತ್ತು ದಾಟಿದ ಹೆಂಗಸೊಬ್ಬರು ಅದರ ಮುಚ್ಚಳ ತೆಗೆದು, ಎರಡು ಬೆರಳು ಅದ್ದಿ, ತಿರುಗಿಸಿ ಎತ್ತಿ ಬಾಯಿಗಿಟ್ಟುಕೊಂಡರು. ಬೆರಳು ಚೀಪಿದರು. ಚೀಪಿದ ಬೆರಳನ್ನೇ ಮತ್ತೆ ಬಟ್ಟಲಿಗೆ ಅದ್ದಿದರು. ಆಮೇಲೆ ಬಟ್ಟಲನ್ನು ನನ್ನ ಕಡೆ ತಳ್ಳಿ, "ತಗೋ ಸುಜಿ, ನಾಚಿಕೆ ಬೇಡ" ಅಂದರು. ನನಗೆ ನಾಚಿಕೆಯೇನೂ ಆಗಿರಲಿಲ್ಲ. ಹೇಸಿಗೆ ಆಗಿತ್ತು.

ಊರಿನವರಿಗೆ ಸಿಡ್ನಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಆಪೆರಾ ಹೌಸಿನಿಂದ ಶುರು ಮಾಡುತ್ತಾರೆ. ನನಗೆ ಆ ಬಟ್ಟಲು ಬಿಟ್ಟು ಬೇರೆ ಕಡೆಯಿಂದ ಶುರು ಮಾಡಲು ಬರುವುದಿಲ್ಲ. ಸಿಡ್ನಿ ಒಲಿಂಪಿಕ್ಸ್ ಮುಗಿದು ಕೆಲವು ವರ್ಷಗಳಾಗಿದ್ದವು. ನಾನು, ನನ್ನ ಗಂಡ ರಮಾನಂದ, ಆರು ವರ್ಷದ ಮಗಳು ಸ್ವಾತಿ ಉಡುಪಿಯಿಂದ ಬಂದು ಕ್ವೇಕರ್ಸ್ ಹಿಲ್ ಎಂಬ ಸಬರ್ಬ್‌ನಲ್ಲಿ ಇಳಿದಿದ್ದೆವು. ರಮಾನಂದರಿಗೆ ಚಾಟ್ಸ್‌ವುಡ್‌ನ ಒಂದು ವಿಮಾ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ನನ್ನದು ರಕ್ತ ಮೂತ್ರ ಪರೀಕ್ಷೆ ಮಾಡುವ ಲ್ಯಾಬ್. ಬೆಳಿಗ್ಗೆಯಿಂದ ಸಂಜೆಯವರೆಗೆ ಗುರುತು ಪರಿಚಯವಿಲ್ಲದವರ ಮಲಮೂತ್ರದ ಡಬ್ಬಿಗಳನ್ನು ತೆರೆಯುವವಳು ನಾನು. ಅದರಿಂದ ಎದ್ದು ಬಂದು ನಿಶ್ಚಿಂತೆಯಿಂದ ಚಹಾ ಕುಡಿಯುತ್ತೇನೆ. ಆದರೆ ಇನ್ನೊಬ್ಬರ ಎಂಜಲು ಕಂಡರೆ ನನ್ನ ಹೊಟ್ಟೆ ಗಂಟಲಿಗೆ ಬರುತ್ತದೆ.

ಈ ದೇಶದಲ್ಲಿ ಎಂಜಲು ಎಂಬ ಶಬ್ದವೇ ಇಲ್ಲ. ಶಬ್ದ ಇಲ್ಲದಿದ್ದರೆ ವಸ್ತುವೂ ಇಲ್ಲ ಎಂದು ಇವರು ತಿಳಿದಿದ್ದಾರೆ. ಒಬ್ಬರು ಕಚ್ಚಿದ ಸೇಬನ್ನು ಇನ್ನೊಬ್ಬರು ಕಚ್ಚುತ್ತಾರೆ. ತಾವು ತಿಂದ ತಟ್ಟೆಯನ್ನೇ ನಾಯಿಗೆ ನೆಕ್ಕಲು ಕೊಡುತ್ತಾರೆ. ಪಾತ್ರೆ ತೊಳೆಯುವುದಂತೂ ನೋಡಲಾಗದು. ಸಿಂಕ್ ತುಂಬ ಸೋಪಿನ ನೀರು ಮಾಡಿ, ಎಲ್ಲರ ತಟ್ಟೆಯನ್ನೂ ಅದೇ ನೀರಿನಲ್ಲಿ ಮುಳುಗಿಸಿ, ನೊರೆಯ ಸಮೇತ ಎತ್ತಿ ಬಟ್ಟೆಯಲ್ಲಿ ಒರೆಸಿ ಕಪಾಟಿಗೆ ಇಡುತ್ತಾರೆ. ಊರಲ್ಲಿ ನಮ್ಮ ಮನೆಯ ಪಾತ್ರೆಗಳಿಗೆ ಬೂದಿ, ತೆಂಗಿನ ನಾರು, ಆಮೇಲೆ ಬಾವಿಯ ನೀರು ಧಾರಾಳವಾಗಿ ಬೀಳುತ್ತಿತ್ತು. ಇಲ್ಲಿ ನಾನು ಯಾರ ಮನೆಗೆ ಹೋದರೂ ಮೊದಲು ಲೋಟದ ಅಂಚು ನೋಡುತ್ತೇನೆ.

ಹೇಸಿಗೆ ಒಂದೇ ಕಡೆಯದೇನೂ ಅಲ್ಲ. ಬಾಡಿಗೆ ಮನೆ ಹುಡುಕುವಾಗ ಏಜೆಂಟರು ನಗುನಗುತ್ತಲೇ ನಮ್ಮಲ್ಲಿ ಕೇಳಿದ್ದು ಒಂದೇ ಪ್ರಶ್ನೆ, "ನೀವು ಮನೆಯೊಳಗೆ ಎಷ್ಟು ಸಲ ಕರಿಯುತ್ತೀರಿ, ಹುರಿಯುತ್ತೀರಿ?" ಒಬ್ಬಳು ನನ್ನ ಜಾಕೆಟ್ಟಿನ ಹತ್ತಿರ ಮೂಗು ತಂದು, ಸಾಸಿವೆ ಒಗ್ಗರಣೆಯ ವಾಸನೆ ಹಿಡಿದು, ಒಂದು ಹೆಜ್ಜೆ ಹಿಂದೆ ಸರಿದಳು. ಆ ಮನೆ ಸಿಗಲಿಲ್ಲ, ಅದರ ನಂತರದ್ದೂ ಸಿಗಲಿಲ್ಲ. ಅಡುಗೆಯ ಮಾತೇ ಎತ್ತದೆ ಬೀಗದ ಕೈ ಕೊಟ್ಟವರು ಮಾಲಿಯಾ ಎಂಬ ಈ ಹೆಂಗಸು ಮಾತ್ರ. ಅವರ ಹಿತ್ತಲಿನಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಕಟ್ಟಡ ಇತ್ತು. ಅಂಥದ್ದನ್ನು ಇಲ್ಲಿ ಗ್ರ್ಯಾನಿ ಫ್ಲ್ಯಾಟ್ ಎನ್ನುತ್ತಾರೆ, ಅಂದರೆ ಅಜ್ಜಿಮನೆ. ಅಜ್ಜಿ ಮುಂದಿನ ದೊಡ್ಡ ಮನೆಯಲ್ಲಿದ್ದರು, ನಾವು ಅಜ್ಜಿಮನೆ ಸೇರಿದೆವು. ಮೊದಲ ಭಾನುವಾರವೇ ಊಟಕ್ಕೆ ಕರೆದು ಆ ಬಟ್ಟಲು ತೆರೆದಿದ್ದರು.

ರಮಾನಂದ ಮೇಜಿನ ಕೆಳಗೆ ನನ್ನ ಕಾಲು ಒತ್ತಿ ತುಳುವಿನಲ್ಲಿ ಪಿಸುಗುಟ್ಟಿದರು. ನಮ್ಮ ಮನೆಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಎಂಥ ಮಾರಾಯ್ತಿ, ಒಂದು ಬೆರಳು ಅದ್ದಿದ್ರೆ ಸಾಯ್ತೀಯಾ? ಈ ಮನೆಯೂ ಹೋದ್ರೆ ನಾವು ಎಲ್ಲಿಗೆ ಹೋಗುದು?"

"ನೀವೇ ಅದ್ದಿ. ನಂಗೆ ಆಗುದಿಲ್ಲ."

ಅವರು ಅದ್ದಿದರು. ಔಷಧಿ ಕುಡಿದ ಮುಖ ಮಾಡಿಕೊಂಡು ನುಂಗಿದರು. ನಾನು ಇವತ್ತು ಉಪವಾಸ ಎಂದು ಹೇಳಿ ಪಾರಾದೆ. ಭಾನುವಾರ ಯಾವ ದೇವರ ಉಪವಾಸ ಎಂದು ಕೇಳುವವರು ಅಲ್ಲಿ ಇರಲಿಲ್ಲ.

ಅವರನ್ನು ನಾನು ಮೊದಲ ದಿನವೇ ಬಾಯಿತಪ್ಪಿ ಆಂಟಿ ಎಂದು ಕರೆದಿದ್ದೆ. ಬಿಳಿಯರಿಗೆ ಈ ಶಬ್ದ ಹಿಡಿಸುವುದಿಲ್ಲ. ರಮಾನಂದ ಆಫೀಸಿನಲ್ಲಿ ಹಿರಿಯ ಹೆಂಗಸೊಬ್ಬಳನ್ನು ಹಾಗೆ ಕರೆದು, ನಾನು ನಿನಗೆ ಎಲ್ಲಿಂದ ಆಂಟಿ ಎಂದು ಕೇಳಿಸಿಕೊಂಡಿದ್ದರು. ಮಾಲಿಯಾ ಮಾತ್ರ ಬಾಗಿಲ ಚಿಲಕದ ಮೇಲೆ ಕೈಯಿಟ್ಟು ಹಾಗೇ ನಿಂತುಬಿಟ್ಟರು. "ಹವಾಯಿಯಲ್ಲಿ ದೊಡ್ಡವರನ್ನೆಲ್ಲ ನಾವು ಆಂಟಿ, ಅಂಕಲ್ ಅಂತಲೇ ಕರೆಯೋದು. ಈ ಬೀದಿಯಲ್ಲಿ ನನ್ನನ್ನ ಯಾರೂ ಹಾಗೆ ಕರೆದಿಲ್ಲ" ಅಂದರು. ಒಂದೇ ವ್ಯತ್ಯಾಸ. ನಾವು ಮಾಲಿಯಾ ಆಂಟಿ ಎಂದರೆ ಅವರ ಕಡೆ ಆಂಟಿ ಮಾಲಿಯಾ.

ಅವರು ಹವಾಯಿಯ ಒಂದು ಹಳ್ಳಿಯವರು. ಹಡಗಿನ ಮೆಕ್ಯಾನಿಕ್ ಆಗಿದ್ದ ಆಸ್ಟ್ರೇಲಿಯದವನನ್ನು ಮದುವೆಯಾಗಿ ಹರೆಯದಲ್ಲೇ ಸಿಡ್ನಿಗೆ ಬಂದಿದ್ದರು. ಗಂಡ ತೀರಿಕೊಂಡಿದ್ದ. ಒಬ್ಬನೇ ಮಗ ಮೆಲ್ಬರ್ನ್‌ನಲ್ಲಿ. ತಾಯಿ ಇಟ್ಟ ಹೆಸರು ಕೆಯೋನಿ, ಅವನ ವಿಸಿಟಿಂಗ್ ಕಾರ್ಡಿನಲ್ಲಿ ಇದ್ದದ್ದು ಜಾನಿ.

ಅವರ ಹಿತ್ತಲಿನಲ್ಲಿ ಹಳೆಯ ಸ್ನಾನದ ತೊಟ್ಟಿಗಳು ಸಾಲಾಗಿ ಬಿದ್ದಿದ್ದವು. ಯಾರ್ಯಾರೋ ಮಿಂದ, ಅಂಚು ಕಂದಿದ ತೊಟ್ಟಿಗಳು. ಮೊದಮೊದಲು ನಾನು ಆ ಕಡೆ ಮುಖ ಹಾಕುತ್ತಿರಲಿಲ್ಲ. ಒಂದು ದಿನ ಬಟ್ಟೆ ಒಣಗಿಸುವಾಗ ತೊಟ್ಟಿಯೊಳಗೆ ಏನೋ ತಲೆಯಾಡಿಸಿತು. ಹತ್ತಿರ ಹೋಗಿ ನೋಡಿದೆ. ಕೆಸು. ನಮ್ಮ ತೋಡಿನ ಬದಿಯಲ್ಲಿ ಕೇಳುವವರಿಲ್ಲದೆ ಬೆಳೆಯುವ ಕೆಸು, ಇಲ್ಲಿ ಸ್ನಾನದ ತೊಟ್ಟಿಯ ಕೆಸರಿನಲ್ಲಿ ಕಿವಿ ಅಗಲಿಸಿಕೊಂಡು ನಿಂತಿತ್ತು. ನಾನು ಬಟ್ಟೆಯ ಬುಟ್ಟಿ ಕೆಳಗಿಟ್ಟು ಅತ್ತುಬಿಟ್ಟೆ. ಊರು ಬಿಟ್ಟು ಬಂದ ಮೇಲೆ ಅತ್ತದ್ದು ಅದೇ ಮೊದಲು, ಅದೂ ಕೆಸುವಿನ ಎದುರಿಗೆ.

ಆಮೇಲೆ ತಿಳಿಯಿತು, ಆ ಬೂದಿ ಬಣ್ಣದ ಅಂಟೂ ಇದರದ್ದೇ. ಅವರ ಭಾಷೆಯಲ್ಲಿ ಕೆಸುವಿಗೆ ಕಾಲೋ ಎನ್ನುತ್ತಾರೆ. ಅದರ ಗಡ್ಡೆಯನ್ನು ಬೇಯಿಸಿ, ಕಲ್ಲಿನಿಂದ ಜಜ್ಜಿ, ನೀರು ಹಾಕಿ ನಾದಿ, ಹುಳಿ ಬರಲು ಬಿಟ್ಟರೆ ಪೋಯಿ. ನಾವು ಎಲೆ ತಿನ್ನುವವರು, ಅವರು ಗಡ್ಡೆ ತಿನ್ನುವವರು. ನಾನು ಎಲೆ ಕೇಳಿ ಕೊಯ್ದು ಪತ್ರೊಡೆ ಮಾಡಿದೆ. ಅಕ್ಕಿ, ಮೆಣಸು, ಹುಣಸೆಹುಳಿ ಅರೆದು ಎಲೆಗೆ ಬಳಿದು, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿ ಕೊಟ್ಟೆ. ಆಂಟಿ ಒಂದು ತುಂಡು ಬಾಯಿಗಿಟ್ಟು, "ಇಷ್ಟು ಹುಳಿ ಯಾಕೆ?" ಅಂದರು.

"ಇಲ್ಲದಿದ್ದರೆ ಗಂಟಲು ತುರಿಸುತ್ತದೆ ಆಂಟಿ. ಕೆಸುವಿನಲ್ಲಿ ಸೂಜಿಯ ಹಾಗೆ ಹರಳುಗಳಿರುತ್ತವೆ."

"ಅವಸರದವರಿಗೆ ತುರಿಸುತ್ತದೆ" ಎಂದು ನಕ್ಕರು. "ನಾವು ಸುಮ್ಮನೆ ಹೊತ್ತು ಹೋಗುವಷ್ಟು ಬೇಯಿಸುತ್ತೇವೆ. ಅಣ್ಣನಿಗೆ ಅವಸರ ಮಾಡಬಾರದು."

ಅಣ್ಣ ಯಾರು ಎಂದು ಕೇಳಿದ್ದಕ್ಕೆ ಕಥೆ ಹೇಳಿದರು. ಆಕಾಶದ ದೇವರಿಗೆ ಮೊದಲು ಹುಟ್ಟಿದ ಮಗು ಸತ್ತೇ ಹುಟ್ಟಿತಂತೆ. ಹೂತ ಜಾಗದಲ್ಲಿ ಕೆಸುವಿನ ಗಿಡ ಎದ್ದಿತಂತೆ. ಎರಡನೆಯ ಮಗು ಮನುಷ್ಯ. ಆದ್ದರಿಂದ ಕೆಸು ಮನುಷ್ಯನ ಅಣ್ಣ. ಸತ್ತ ಮಗುವಿನ ಕಥೆ ಕೇಳಿದ ಮೇಲೆ ನನಗೆ ಪತ್ರೊಡೆಯ ಮೇಲೂ ಒಂದು ಕ್ಷಣ ವಾಕರಿಕೆ ಬಂತು. "ಅಣ್ಣನನ್ನೇ ಬೇಯಿಸಿ ಜಜ್ಜಿ ತಿನ್ನುವುದೇ?" ಎಂದು ಕೇಳಿಯೇಬಿಟ್ಟೆ.

"ತಮ್ಮನನ್ನ ಸಾಕೋದು ಅಣ್ಣನ ಕೆಲಸ ಅಲ್ವಾ? ನಾವು ಮಾಡಬೇಕಾದ್ದು ಇಷ್ಟೇ. ಬಟ್ಟಲಿನ ಮುಚ್ಚಳ ತೆಗೆದರೆ ಅಣ್ಣ ಬಂದು ಕೂತ ಹಾಗೆ. ಮುಚ್ಚಳ ತೆರೆದಿರೋ ತನಕ ಜಗಳ ಇಲ್ಲ, ವ್ಯವಹಾರದ ಮಾತಿಲ್ಲ, ಕೆಟ್ಟ ಮಾತಿಲ್ಲ. ನನ್ನ ಅಪ್ಪ, ಚಿಕ್ಕಪ್ಪ ಅಂಗಳದಲ್ಲಿ ಹೊಡೆದಾಡ್ಕೊಂಡು ಬಂದರೂ ಬಟ್ಟಲಿನ ಎದುರು ಬಾಯಿ ಮುಚ್ತಿದ್ರು."

ನನಗೆ ನಗು ಬಂತು. ಉಡುಪಿಯಲ್ಲಿರುವ ನನ್ನ ಸ್ವಂತ ಅಣ್ಣ ದಿನೇಶಣ್ಣ ಜಗಳ ತೆಗೆಯುವುದೇ ಊಟಕ್ಕೆ ಕೂತ ಮೇಲೆ.

ಆ ವರ್ಷಗಳಲ್ಲಿ ಸಿಡ್ನಿಯಲ್ಲಿ ಮಳೆಯಿರಲಿಲ್ಲ. ತೋಟಕ್ಕೆ ಪೈಪ್ ಹಿಡಿಯಲು ವಾರಕ್ಕೆ ಎರಡೇ ದಿನ, ಅದೂ ಹೊತ್ತು ನೋಡಿ. ಕೆಸುವಿಗೆ ಬೇರು ಒಣಗಬಾರದು. ಆಂಟಿ ಬಕೆಟ್ಟಿನಲ್ಲಿ ನೀರು ಹೊತ್ತು ತೊಟ್ಟಿಗೆ ಸುರಿಯುತ್ತಿದ್ದರು. ಬೇಲಿಯಾಚೆಯ ಮನೆಯವನು ಸೊಳ್ಳೆ ಎಂದ, ನಾತ ಎಂದ, ಬರಗಾಲದಲ್ಲಿ ಈ ಕೊಳಕು ಯಾಕೆ ಎಂದ. ಅವನ ನಾಯಿ ನಮ್ಮ ಬೇಲಿಗೆ ಮಾಡುತ್ತಿದ್ದದ್ದು ಅವನ ಮೂಗಿಗೆ ಬರುತ್ತಿರಲಿಲ್ಲ. ನಾನೂ ಬಕೆಟ್ ಹಿಡಿಯಲು ಶುರು ಮಾಡಿದೆ. ನೀರು ಹೊರುತ್ತಲೇ ಆಂಟಿ ತಮ್ಮ ಊರಿನ ಕಥೆ ಹೇಳಿದರು.

ಅದು ಬೆಟ್ಟದಿಂದ ಕಡಲಿಗೆ ಇಳಿಯುವ ಒಂದು ಕಣಿವೆ. ನಮ್ಮಲ್ಲಿ ಘಟ್ಟದಿಂದ ಕಡಲಿನವರೆಗೆ ಹೋಗಲು ಬಸ್ಸು ಬೇಕು, ಅವರಲ್ಲಿ ನಡೆದೇ ಹೋಗಬಹುದಿತ್ತು. ಮೇಲೆ ಕಾಡು, ನಡುವೆ ಕೆಸುವಿನ ಗದ್ದೆ, ಕೆಳಗೆ ಮೀನು, ಎಲ್ಲ ಸೇರಿ ಒಂದೇ ಊರು. ಗದ್ದೆಗಳಿಗೆ ಕಲ್ಲಿನ ಕಟ್ಟೆ. ಮೇಲಿನ ಗದ್ದೆಯವನು ತಿರುಗಿಸಿಕೊಂಡ ನೀರು ಕೆಳಗಿನವನಿಗಾಗಿ ಮತ್ತೆ ತೋಡಿಗೆ ಸೇರಲೇಬೇಕು. ನೀರಿಗೆ ಅವರ ಭಾಷೆಯಲ್ಲಿ ವೈ, ಐಶ್ವರ್ಯಕ್ಕೆ ವೈವೈ. ಆಮೇಲೆ ಕಬ್ಬಿನ ತೋಟದವರು ಬಂದರು. ಬೆಟ್ಟ ಕೊರೆದು ಕಾಲುವೆ ಮಾಡಿ, ತೋಡಿನ ನೀರನ್ನು ಮೇಲಿನಿಂದಲೇ ಕಬ್ಬಿಗೆ ತಿರುಗಿಸಿಕೊಂಡರು. ಕೆಳಗೆ ತೋಡಿನ ಕಲ್ಲು ಕಾಣಿಸಿತು. ಗದ್ದೆಗಳು ಪೊದೆಯಾದವು. ಆಂಟಿಯ ಅಜ್ಜಿ ಶಾಲೆಯಲ್ಲಿ ತಮ್ಮ ಭಾಷೆ ಆಡಿದ್ದಕ್ಕೆ ಪೆಟ್ಟು ತಿಂದವರು. ಆದ್ದರಿಂದ ಮಕ್ಕಳಿಗೆ ಇಂಗ್ಲಿಷೇ ಸಾಕು ಎಂದರಂತೆ. ಹರೆಯದವರು ಒಬ್ಬೊಬ್ಬರಾಗಿ ಊರು ಬಿಟ್ಟರು. "ಅಲ್ಲಿ ಸಕ್ಕರೆ ತಿನ್ನೋರಿಗೆ ನಮ್ಮ ನೀರು ಹೋಯ್ತು. ಇಲ್ಲಿ ಕಾರು ತೊಳೆಯೋನು ನನಗೆ ನೀರಿನ ಪಾಠ ಹೇಳ್ತಾನೆ" ಎಂದು ಆಂಟಿ ಬಕೆಟ್ ಕುಕ್ಕಿದರು. ಸಕ್ಕರೆ ಹಾಕಿದ ಚಹಾ ಆ ದಿನ ನನಗೂ ಸೇರಲಿಲ್ಲ.

ತೊಟ್ಟಿಯ ಕೆಸು ಅವರ ಕಣಿವೆಯದ್ದಲ್ಲ. ಗಿಡಗಡ್ಡೆ ತರಲು ಇಲ್ಲಿನ ವಿಮಾನ ನಿಲ್ದಾಣದವರು ಬಿಡುವುದಿಲ್ಲ, ನನ್ನ ಉಪ್ಪಿನಕಾಯಿಯನ್ನೇ ಕಸಕ್ಕೆ ಹಾಕಿದವರು. ಬ್ಲ್ಯಾಕ್‌ಟೌನ್ ಕಡೆ ಶಾಂತಸಾಗರದ ದ್ವೀಪಗಳವರ ಅಂಗಡಿಯೊಂದರಲ್ಲಿ ಕೊಂಡ ಗಡ್ಡೆಯಿಂದ ಎದ್ದದ್ದು. "ನನ್ನ ಅಣ್ಣ ಅಲ್ಲ, ದೊಡ್ಡಪ್ಪನ ಮಗ ಅಂತಿಟ್ಕೋ" ಎನ್ನುತ್ತಿದ್ದರು.

ಇಷ್ಟೆಲ್ಲ ಆದರೂ ನಾನು ಆ ಬಟ್ಟಲಿಗೆ ಬೆರಳು ಅದ್ದಲಿಲ್ಲ. ಪ್ರತಿ ಭಾನುವಾರ ನನಗೆ ಬೇರೆ ಬೇರೆ ದೇವರ ಉಪವಾಸ. ಆಂಟಿಗೆ ಅರ್ಥವಾಗಿತ್ತು, ಅವರು ಒತ್ತಾಯ ಮಾಡಲಿಲ್ಲ.

ಆಗಸ್ಟ್ ಬಂತು. ನಮ್ಮ ಊರಿನಲ್ಲಿ ಅದು ಆಟಿ ತಿಂಗಳು. ಮಳೆ ಸುರಿದು, ತೋಡು ತುಂಬಿ, ಕೆಸು ಆಳೆತ್ತರ ಬೆಳೆದು, ಮನೆಮನೆಯಲ್ಲಿ ಪತ್ರೊಡೆ ಬೇಯುವ ಕಾಲ. ಸಿಡ್ನಿಯಲ್ಲಿ ಆಗ ಚಳಿಗಾಲ, ತೊಟ್ಟಿಯಲ್ಲಿ ಎಲೆಯೆಲ್ಲ ಸುರುಟಿ ಕಂದು ಬಣ್ಣದ ದಂಟು ಮಾತ್ರ. ಇಲ್ಲಿರುವ ನಮ್ಮ ಊರಿನವರು ಸೇರಿ ಒಂದು ಹಾಲ್ ಬುಕ್ ಮಾಡಿ ಆಟಿಯ ಕೂಟ ಇಟ್ಟಿದ್ದರು. ಜನವರಿಯಲ್ಲಿ ಇಡಿ, ಆಗ ಕೆಸು ಇರುತ್ತದೆ ಎಂದು ನಾನು ಹೇಳಿದ್ದೆ. "ಜನವರಿಯಲ್ಲಿ ಎಂಥ ಆಟಿ ಮಾರಾಯ್ರೆ? ಕ್ಯಾಲೆಂಡರ್ ನೋಡುದು ಬೇಡ್ವಾ?" ಎಂದು ನಕ್ಕರು. ಕ್ಯಾಲೆಂಡರ್ ನೋಡಿ, ಸೂಪರ್ ಮಾರ್ಕೆಟ್ಟಿನ ಸಿಲ್ವರ್‌ಬೀಟ್ ಎಂಬ ದಪ್ಪ ಸೊಪ್ಪಿನಲ್ಲಿ ಪತ್ರೊಡೆ ಮಾಡಿ ಬಡಿಸಿದರು. ಕಚ್ಚಿದರೆ ಒದ್ದೆ ಕಾಲುಚೀಲ. ಎಲ್ಲರೂ ಊರು ನೆನಪಾಯಿತು ಎಂದರು. ನಾನು ಕಾಗದದ ತಟ್ಟೆಯನ್ನು ಮಡಚಿ ಕಸದ ಡಬ್ಬಿಗೆ ಹಾಕಿ ಕೈ ತೊಳೆದೆ.

ಮುಂದಿನ ಬೇಸಿಗೆಯಲ್ಲಿ ರಮಾನಂದರಿಗೆ ಮೆಲ್ಬರ್ನ್‌ನಲ್ಲಿ ಕೆಲವು ದಿನಗಳ ಏನೋ ಕೆಲಸ ಬಂತು. ಆಂಟಿಯೂ ಮಗನ ಮನೆಗೆ ಹೊರಟಿದ್ದರು. ನಾವೆಲ್ಲ ಒಂದೇ ಕಾರಿನಲ್ಲಿ ಹೋದೆವು. ಆಂಟಿಯ ತೊಡೆಯ ಮೇಲೆ ಐಸ್ ಪೆಟ್ಟಿಗೆ, ಅದರೊಳಗೆ ಪೋಯಿ. ಹಿಂದಿನ ಸೀಟಿನಲ್ಲಿ ಬಟ್ಟೆ ಸುತ್ತಿದ ಮರದ ಬಟ್ಟಲು. ದಾರಿಯುದ್ದಕ್ಕೂ ನಾನು ಕಿಟಕಿ ಇಳಿಸಿಕೊಂಡೇ ಕೂತಿದ್ದೆ.

ಕೆಯೋನಿಯ ಕಸುಬು ಹವಾಯಿ ಪಾರ್ಟಿ ಮಾಡಿಸುವುದು. ಕಚೇರಿಗಳವರು ವರ್ಷದ ಕೊನೆಗೆ, ಹುಟ್ಟಿದಹಬ್ಬಕ್ಕೆ ಅವನನ್ನು ಬುಕ್ ಮಾಡುತ್ತಾರೆ. ಆ ಸಂಜೆ ಯಾವುದೋ ಕಂಪೆನಿಯ ಪಾರ್ಟಿ ಇತ್ತು, ತಾಯಿಯ ಜೊತೆ ನಮ್ಮನ್ನೂ ಕರೆದುಕೊಂಡು ಹೋದ. ಪ್ಲಾಸ್ಟಿಕ್ ಹೂವಿನ ಮಾಲೆ, ಪ್ಲಾಸ್ಟಿಕ್ ಹುಲ್ಲಿನ ಲಂಗ. ಹೊಟ್ಟೆ ಬಂದ ಗಂಡಸರು ಎದೆಗೆ ತೆಂಗಿನ ಚಿಪ್ಪು ಕಟ್ಟಿಕೊಂಡು ಒಬ್ಬರ ಚಿಪ್ಪನ್ನು ಇನ್ನೊಬ್ಬರು ಬಡಿಯುತ್ತಿದ್ದರು. ಬಾಯಿಗೆ ಅನಾನಸ್ ತುರುಕಿದ ಇಡೀ ಹಂದಿ ಕಂಬಿಯ ಮೇಲೆ ತಿರುಗುತ್ತಿತ್ತು. ಬಾಗಿಲ ಬಳಿ ಬೆತ್ತದ ಕುರ್ಚಿಯಲ್ಲಿ ಆಂಟಿಯನ್ನು ಕೂರಿಸಿ, ಮೈಕಿನಲ್ಲಿ "ಅಸಲಿ ಹವಾಯಿ ಅಜ್ಜಿ" ಎಂದು ಕೂಗಿಸಿದರು. ಬಂದವರೆಲ್ಲ ಅವರ ಕೆನ್ನೆಗೆ ಕೆನ್ನೆ ತಾಗಿಸಿ ಫೋಟೋ ತೆಗೆಸಿಕೊಂಡರು. ಮೇಜಿನ ಮೇಲೆ ಒಂದು ಮರದ ಬಟ್ಟಲು, ಅದರಲ್ಲಿ ಬಣ್ಣ ಹಾಕಿ ಕುದಿಸಿದ ಜೋಳದ ಹಿಟ್ಟು, ಪಕ್ಕದಲ್ಲಿ ಪೋಯಿ ಎಂದು ಬೋರ್ಡು. ಒಬ್ಬ ಬೆರಳು ಅದ್ದಿ ಬಾಯಿಗಿಟ್ಟು, ಥೂ ಎಂದು ಉಗಿದು, ಮೇಜಿನ ಬಟ್ಟೆಗೆ ಒರೆಸಿದ. ಗೆಳೆಯರು ಚಪ್ಪಾಳೆ ತಟ್ಟಿದರು. ಅವನ ಕೈಯಲ್ಲಿದ್ದ ಸಿಗರೇಟು ಆ ಬಟ್ಟಲಿನಲ್ಲೇ ಆರಿತು.

ನನಗೆ ಮೈಯೆಲ್ಲ ಉರಿದುಹೋಯಿತು. ಪೋಯಿಗೆ ಹೇಸುವುದಾದರೆ ನಾನು ಹೇಸುತ್ತೇನೆ, ಇವನು ಯಾರು? ಅಷ್ಟು ದಿನ ಬಕೆಟ್ ಹೊತ್ತವಳು ನಾನು.

"ಎದ್ದು ಹೋಗುವ ಆಂಟಿ" ಅಂದೆ.

"ಕೂತ್ಕೋ ಸುಜಿ. ಇದರಿಂದಲೇ ಅವನ ಮಾರ್ಟ್‌ಗೇಜ್ ನಡೆಯೋದು" ಎಂದು ಇನ್ನೊಬ್ಬನ ಕೊರಳಿಗೆ ಮಾಲೆ ಹಾಕಿದರು.

ಮರುದಿನ ಕೆಯೋನಿಯ ಮನೆಯಲ್ಲಿ ಊಟ. ಅವನ ಹೆಂಡತಿ ಮಕ್ಕಳು ಅವಳ ತವರಿಗೆ ಹೋಗಿದ್ದರು. ಮೇಜಿಗೆ ನಾವು ನಾಲ್ವರು ಮತ್ತು ಸ್ವಾತಿ. ಅವನು ತಾಯಿಯನ್ನು ಕರೆಸಿದ್ದು ಯಾಕೆ ಎಂದು ಆಂಟಿಗೆ ಗೊತ್ತಿತ್ತು, ಕಾರಿನಲ್ಲಿ ನಮಗೂ ಹೇಳಿದ್ದರು. ಕ್ವೇಕರ್ಸ್ ಹಿಲ್‌ನ ಮನೆ ಮಾರಿಸಿ ತಾಯಿಯನ್ನು ಇಲ್ಲಿಗೆ ತರಬೇಕೆಂದು ಅವನ ಆಸೆ. ಮನೆ ಹೋದರೆ ತೊಟ್ಟಿಗಳು ಹೋದವು, ನಮ್ಮ ಅಜ್ಜಿಮನೆಯೂ ಹೋಯಿತು.

ಅವನು ಫೋರ್ಕ್ ಕೆಳಗಿಟ್ಟು, "ಮಮ್, ಆ ಮನೆಯ ವಿಷಯ" ಎಂದು ಶುರು ಮಾಡಿದ.

ಆಂಟಿ ಬಟ್ಟಲಿನ ಮುಚ್ಚಳ ತೆಗೆದು ಪಕ್ಕಕ್ಕಿಟ್ಟರು.

ಅವನ ಮಾತು ಅಲ್ಲಿಗೇ ನಿಂತಿತು. ನಿನ್ನೆ ಸಂಜೆ ಬಣ್ಣದ ಹಿಟ್ಟನ್ನು ಪೋಯಿ ಎಂದು ಮಾರಿದವನು ಬಾಯಿ ತೆರೆದು ಮುಚ್ಚಿದ. ಕಿಟಕಿ ನೋಡಿದ, ಗಡಿಯಾರ ನೋಡಿದ. ಆಂಟಿ ನಿಧಾನವಾಗಿ ಬೆರಳು ಅದ್ದಿ ತಿಂದರು. ರಮಾನಂದ ಔಷಧಿಯ ಮುಖದಲ್ಲಿ ಒಂದು ಬೆರಳಷ್ಟು ತಿಂದರು. ಆಂಟಿಗೆ ವಯಸ್ಸಾಗಿತ್ತು, ಎಷ್ಟು ತಿಂದಾರು? ಅವರ ಕೈ ನಿಂತಿತು.

"ಮಮ್, ಮುಚ್ಚಳ ಹಾಕು" ಎಂದ ಕೆಯೋನಿ. ಗದರಿಸಲಿಲ್ಲ, ಬೇಡಿಕೊಂಡ ಹಾಗಿತ್ತು.

"ಎಲ್ಲರದ್ದೂ ಆಗಿಲ್ಲ."

"ಇನ್ನು ಯಾರದ್ದು?"

ಆಂಟಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನನಗೆ ಮತ್ತೊಂದು ಉಪವಾಸ ನೆನಪಾಗುತ್ತಿತ್ತೋ ಏನೋ. ನಾನು ಎರಡು ಬೆರಳು ಅದ್ದಿದೆ.

ರುಚಿಯಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ತಣ್ಣಗೆ, ಲೋಳೆಯಾಗಿ, ಹುಳಿಯಾಗಿ ಗಂಟಲಲ್ಲಿ ಇಳಿಯಿತು, ಮೈದಾ ಅಂಟು ನುಂಗಿದ ಹಾಗೆ. ಆಂಟಿಯ ಬೆರಳು, ರಮಾನಂದರ ಬೆರಳು, ಈಗ ನನ್ನದು, ಎಲ್ಲರ ಎಂಜಲು ಒಂದೇ ಬಟ್ಟಲಲ್ಲಿ. ಮತ್ತೆ ಅದ್ದಿದೆ. ಕಣ್ಣಲ್ಲಿ ನೀರು ಬಂತು, ಮತ್ತೆ ಅದ್ದಿದೆ. ತಿನ್ನುವವರಿರುವ ತನಕ ಮುಚ್ಚಳ ಬೀಳುವುದಿಲ್ಲ ಎಂದು ರಮಾನಂದ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡು ತಾವೂ ಕೈ ಹಾಕಿದರು. ಸ್ವಾತಿ "ಯಕ್, ಅಮ್ಮಾ, ದಟ್ಸ್ ಗ್ರೋಸ್" ಎಂದಳು. "ಹೌದು ಮಗಾ, ನೀನೂ ತಿನ್ನು" ಅಂದೆ. ಆಟ ಎಂದುಕೊಂಡು ಅವಳೂ ಅದ್ದಿದಳು.

ನಾವು ಬರಗೆಟ್ಟವರ ಹಾಗೆ ತಿಂದೆವು. ಬಟ್ಟಲಿನ ಒಳಗೋಡೆಗೆ ನಾನು ಎಲ್ಲೆಂದರಲ್ಲಿ ಮೆತ್ತಿದ್ದೆ. ಕೆಯೋನಿ ಅದನ್ನೇ ನೋಡುತ್ತಿದ್ದ. ಆಮೇಲೆ ಲೋಟದ ನೀರಿನಲ್ಲಿ ಬೆರಳು ಒದ್ದೆ ಮಾಡಿ, ಮೆತ್ತಿದ್ದನ್ನೆಲ್ಲ ಸುತ್ತಲೂ ಸವರಿ ಕೆಳಗಿಳಿಸಿ, ಗೋಡೆ ಚೊಕ್ಕಟ ಮಾಡಿದ. ಅವರಲ್ಲಿ ಅದು ಬಟ್ಟಲಿನ ಮರ್ಯಾದೆಯಂತೆ. ಬೆರಳಿಗೆ ಅಂಟಿದ್ದನ್ನು ಒರೆಸಲು ಬಟ್ಟೆ ಹುಡುಕಿ, ಸಿಗದೆ, ಬಾಯಿಗಿಟ್ಟುಕೊಂಡ. ಪಾರ್ಟಿಗೆ ಸಾಮಾನು ಸಾಗಿಸುವ ವ್ಯಾನ್ ಬಂದು ಹಾರ್ನ್ ಮಾಡಿತು. ಅವನು ಎದ್ದು ಹೋದ. ಆ ದಿನ ಮನೆಯ ಮಾತು ಬರಲಿಲ್ಲ. ಗೆದ್ದೆವು ಎಂದುಕೊಂಡು ನಾನು ಬಾತ್‌ರೂಮಿಗೆ ಹೋಗಿ ಎಲ್ಲವನ್ನೂ ಕಕ್ಕಿದೆ.

ಅವನು ದಡ್ಡನಲ್ಲ. ಮುಂದಿನ ಆಗಸ್ಟಿನಲ್ಲಿ ಸಿಡ್ನಿಗೆ ಬಂದ. ಕೆಸು ಒಣಗಿತ್ತು, ಗಡ್ಡೆ ತೀರಿತ್ತು, ಪೋಯಿ ಇರಲಿಲ್ಲ, ಖಾಲಿ ಬಟ್ಟಲಿನ ಮುಚ್ಚಳ ತೆರೆದು ಉಪಯೋಗವಿರಲಿಲ್ಲ. ಹಿತ್ತಲಿನ ತೊಟ್ಟಿಗಳ ನಡುವೆ ನಿಂತು ಹೇಳಬೇಕಾದ್ದನ್ನೆಲ್ಲ ಹೇಳಿದ. ಮೊಣಕಾಲು, ಒಂಟಿತನ, ಬಕೆಟ್ಟು, ಎಲ್ಲವೂ ನಿಜವೇ. ನಮ್ಮ ಊರಿನಲ್ಲಿ ಆಗ ಆಟಿ, ತೋಡಿನ ಬದಿಯಲ್ಲಿ ಕೆಸು ಕಾಲಿಡಲು ಜಾಗ ಬಿಡದೆ ನಿಂತಿರುತ್ತದೆ. ಆ ತಿಂಗಳಲ್ಲಿ ಅವನು ನಮ್ಮ ಊರಿಗೆ ಬಂದಿದ್ದರೆ ಬಾಯಿ ತೆರೆಯಲು ಆಗುತ್ತಿರಲಿಲ್ಲ.

ಮನೆ ಮಾರಿ ಹೋಯಿತು. ಕೊಂಡವರು ತೊಟ್ಟಿಗಳನ್ನು ಬೀದಿಯ ಕಸಕ್ಕೆ ಎಳೆದು ಹಾಕಿದರು. ಅದಕ್ಕೆ ಮೊದಲು ಆಂಟಿ ನನ್ನನ್ನು ಕರೆದು, "ಹುಲಿ ಕೊಡ್ತೀನಿ, ನೆಟ್ಕೋ" ಅಂದರು. ಸ್ವಾತಿ ಕಿಸಕ್ಕನೆ ನಕ್ಕಳು. ಕೆಸುವಿನ ಗಡ್ಡೆ ಕೊಯ್ದ ಮೇಲ್ಭಾಗದ ತುಂಡಿಗೆ, ದಂಟು ಸಮೇತ, ಅವರ ಭಾಷೆಯಲ್ಲಿ ಹುಲಿ ಎನ್ನುತ್ತಾರೆ. ಅದನ್ನು ನೆಟ್ಟರೆ ಅದೇ ಗಿಡ ಮತ್ತೆ ಬರುತ್ತದೆ. ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ನಮ್ಮ ಹೊಸ ಬಾಡಿಗೆ ಮನೆಗೆ ಒಯ್ದೆ. ಬಟ್ಟಲು ಆಂಟಿಯ ಜೊತೆ ಮೆಲ್ಬರ್ನ್‌ಗೆ ಹೋಯಿತು. ಅಲ್ಲಿ ಚಳಿ ಜಾಸ್ತಿ, ಕೆಸು ಏಳುವುದಿಲ್ಲ. ಫೋನಿನಲ್ಲಿ ಆಂಟಿ ಕೇಳುವುದು ಒಂದೇ, "ಹುಲಿ ಹೇಗಿದೆ?"

ಪಿಆರ್, ಅಂದರೆ ಇಲ್ಲೇ ಕಾಯಂ ಇರುವ ಪರವಾನಗಿ, ಬಂದ ಮೇಲೆ ಮೊದಲ ಸಲ ಊರಿಗೆ ಹೋದೆವು, ಸರಿಯಾಗಿ ಆಟಿಯಲ್ಲಿ. ಉಡುಪಿಯಲ್ಲಿ ಇಳಿದಾಗ ನನ್ನ ಮೂಗು ನನಗೇ ಮೋಸ ಮಾಡಿತು. ಬಸ್ ನಿಲ್ದಾಣದ ಮೂತ್ರದ ನಾತ, ಗೋಡೆಗೆ ಉಗಿದ ಎಲೆಯಡಿಕೆ, ತೆರೆದ ಚರಂಡಿ, ಮೊದಲು ಇಲ್ಲದ್ದು ಯಾವುದೂ ಇರಲಿಲ್ಲ. ಆದರೂ ಜಾಕೆಟ್ ಮೂಸಿದ ಆ ಏಜೆಂಟ್ ಹೆಂಗಸಿನ ಹಾಗೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ನನ್ನ ಮೇಲೆಯೇ ಹೇಸಿಗೆಯಾಯಿತು.

ದಿನೇಶಣ್ಣನ ಮನೆಯಲ್ಲಿ ಅತ್ತಿಗೆ ನನಗಾಗಿ ಪತ್ರೊಡೆ ಮಾಡಿದ್ದರು, ನಿಜವಾದ ಕೆಸುವಿನದ್ದು. ಪಾತ್ರೆಯನ್ನು ನಡುವೆ ಇಟ್ಟು ಎಲ್ಲರೂ ಕೂತೆವು. ಮೊದಲ ತುತ್ತಿಗೇ ಅಣ್ಣ ಶುರು ಮಾಡಿದ. ತೋಡಿನ ಬದಿಯ ಜಾಗ ಮಾರುತ್ತಾನಂತೆ, ಫ್ಲ್ಯಾಟ್ ಕಟ್ಟುವವರು ಕೇಳಿದ್ದಾರಂತೆ.

"ಆ ಜಾಗ ನಿಮ್ಮೊಬ್ಬರದ್ದಾ?" ಎಂದರು ಅತ್ತಿಗೆ. "ಈ ಪತ್ರೊಡೆಯ ಎಲೆ ಎಲ್ಲಿಂದ ಬಂದದ್ದು ಗೊತ್ತುಂಟಾ ನಿಮಗೆ?"

"ಎಲೆಗೋಸ್ಕರ ಜಾಗ ಇಟ್ಕೊಳ್ಳುದಾ? ಪೇಟೆಯಲ್ಲಿ ಸಿಗುದಿಲ್ವಾ?"

"ಹಾಗಾದ್ರೆ ನಾಳೆಯಿಂದ ಪೇಟೆಯಲ್ಲೇ ಊಟ ಮಾಡಿ" ಎಂದು ಅತ್ತಿಗೆ ಸಿಟ್ಟಿನಲ್ಲಿ ಮುಚ್ಚಳ ಎತ್ತಿಕೊಂಡು ಪಾತ್ರೆಯ ಮೇಲೆ ಇಡಲು ಬಂದರು.

ನನಗೆ ಏನಾಯಿತೋ ತಿಳಿಯದು. ತಿನ್ನುತ್ತಿದ್ದ ಬಲಗೈಯನ್ನೇ, ಚಟ್ನಿ ಮೆತ್ತಿದ ಬೆರಳುಗಳ ಸಮೇತ, ಪಾತ್ರೆಯೊಳಕ್ಕೆ ಹಾಕಿದೆ.

ಅಣ್ಣನ ತುತ್ತು ಬಾಯಿಯ ಹತ್ತಿರ ನಿಂತಿತು. "ಛೀ, ಎಂಜಲು ಕೈ ಮಾರಾಯ್ತಿ" ಎಂದರು ಅತ್ತಿಗೆ, ಮುಚ್ಚಳ ಹಿಡಿದುಕೊಂಡೇ. ಅವರ ಮುಖವನ್ನು ನಾನು ಚೆನ್ನಾಗಿ ಬಲ್ಲೆ. ಮರದ ಬಟ್ಟಲಿನ ಎದುರು ವರ್ಷಗಟ್ಟಲೆ ನಾನು ಹೊತ್ತುಕೊಂಡಿದ್ದ ಮುಖ ಅದೇ.

"ನಮ್ಮ ಕಡೆ ಪಾತ್ರೆ ತೆರೆದಿರುವಾಗ ಜಗಳ ಮಾಡುದಿಲ್ಲ ಅತ್ತಿಗೆ" ಅಂದೆ.

ಅತ್ತಿಗೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅದು ಯಾವ ಕಡೆ?" ಎಂದು ಕೇಳಿದರು.

ನನ್ನ ಕೈ ಇನ್ನೂ ಪಾತ್ರೆಯೊಳಗೇ ಇತ್ತು.